ಆಂಶಿಕ ಭಿನ್ನರಾಶಿಗಳ ಮೂಲಕ ಅನುಕಲನ: ಹಂತ ತಪ್ಪದೆ ಬಿಡಿಸುವ ಸಮಗ್ರ ಮಾರ್ಗದರ್ಶಿ

ಮಂಡ್ಯದಲ್ಲಿ ದ್ವಿತೀಯ ಪಿಯುಸಿ ವಿದ್ಯಾರ್ಥಿಗಳಿಗೆ ಸಂಜೆ ಹೊತ್ತು ಗಣಿತ ಹೇಳಿಕೊಡುವ ನಾನು, ಅನುಕಲನದ ಅಧ್ಯಾಯ ಮುಗಿದ ಮೇಲೆ ಉತ್ತರಪತ್ರಿಕೆಗಳನ್ನು ತಿದ್ದುವಾಗ ಪ್ರತಿ ವರ್ಷವೂ ಅದೇ ಜಾಗದಲ್ಲಿ ಕೆಂಪು ಗೆರೆ ಎಳೆಯಬೇಕಾಗುತ್ತದೆ. ಪಾಂಡವಪುರದಿಂದ ಬರುವ ಹುಡುಗನಾಗಲಿ, ಮದ್ದೂರಿನಿಂದ ಬರುವ ಹುಡುಗಿಯಾಗಲಿ, ಅನುಕಲನದ ಸೂತ್ರಗಳನ್ನು ತಪ್ಪಿಲ್ಲದೆ ಒಪ್ಪಿಸುತ್ತಾರೆ. ಆದರೂ ‘ಪಾರ್ಷಿಯಲ್ ಫ್ರ್ಯಾಕ್ಷನ್’ ಲೆಕ್ಕ, ಅಂದರೆ ದೊಡ್ಡ ಭಿನ್ನರಾಶಿಯೊಂದನ್ನು ಸರಳ ಭಿನ್ನರಾಶಿಗಳ ಮೊತ್ತವಾಗಿ ಬಿಡಿಸಿ ಅನುಕಲಿಸುವ ಲೆಕ್ಕ, ಬಂದೊಡನೆ ಉತ್ತರ ತಪ್ಪುತ್ತದೆ. ತಪ್ಪು ಅನುಕಲನದಲ್ಲಿ ಇರುವುದೇ ಇಲ್ಲ. ಅದಕ್ಕೂ ಮೊದಲು, ಘಾತವನ್ನು ಹೋಲಿಸದೆ, ಛೇದವನ್ನು ಪೂರ್ತಿ ಅಪವರ್ತಿಸದೆ, ಅವಸರದಲ್ಲಿ ಎ, ಬಿ ಎಂದು ಬರೆಯಲು ತೊಡಗಿದ ಸಾಲಿನಲ್ಲಿಯೇ ಅದು ಹುಟ್ಟಿರುತ್ತದೆ. ಆದ್ದರಿಂದ ಇಲ್ಲಿ ಹೆಚ್ಚಿನ ಜಾಗವನ್ನು ಆ ಆರಂಭದ ಹಂತಗಳಿಗೇ ಕೊಟ್ಟಿದ್ದೇನೆ.

ಬರವಣಿಗೆಯ ಬಗ್ಗೆ ಒಂದು ಮಾತು. ಪಠ್ಯಪುಸ್ತಕದಲ್ಲಿ ಎಕ್ಸ್ ಎಂದು ಬರೆಯುವ ಚರಾಕ್ಷರವನ್ನು ಇಲ್ಲಿ ‘ಕ್ಷ’ ಎಂದು ಬರೆದಿದ್ದೇನೆ. ಎ, ಬಿ, ಸಿ ಎಂಬುವು ಕಂಡುಹಿಡಿಯಬೇಕಾದ ಸ್ಥಿರಾಂಕಗಳು. ‘ಕೆ’ ಎಂಬುದು ಅನುಕಲನದ ಸ್ಥಿರಾಂಕ. ‘ಪಿ’ ಎಂಬುದು ಯಾವುದೋ ಒಂದು ಗೊತ್ತಿರುವ ಸಂಖ್ಯೆ.

ಲೆಕ್ಕಕ್ಕೆ ಕೂರುವ ಮೊದಲು ಕೈಯಲ್ಲಿರಬೇಕಾದವು

ಬಹುಪದೋಕ್ತಿಯನ್ನು ಬಹುಪದೋಕ್ತಿಯಿಂದ ಭಾಗಿಸುವುದು, ಅಪವರ್ತಿಸುವುದು, ಶೋಧಕವನ್ನು (ಡಿಸ್ಕ್ರಿಮಿನಂಟ್) ಲೆಕ್ಕ ಹಾಕುವುದು, ವರ್ಗ ಪೂರ್ಣಗೊಳಿಸುವುದು: ಈ ನಾಲ್ಕೂ ಮೊದಲೇ ಪರಿಚಯವಾಗಿರಬೇಕಾದ ವಿಷಯಗಳು. ಇವುಗಳಲ್ಲಿ ಒಂದು ಮರೆತಿದ್ದರೂ ಮುಂದಕ್ಕೆ ಹೋಗದೆ, ಹಳೆಯ ಪುಸ್ತಕ ತೆಗೆದು ಐದಾರು ಲೆಕ್ಕ ಮಾಡಿಕೊಂಡು ಬನ್ನಿ. ವಿಶೇಷವಾಗಿ ದೀರ್ಘ ಭಾಗಾಕಾರ ಬಹಳ ಜನರಿಗೆ ಮರೆತುಹೋಗಿರುತ್ತದೆ.

ಇವುಗಳ ಜೊತೆಗೆ ನಾಲ್ಕು ಅನುಕಲನಗಳು ಬಾಯಿಪಾಠವಾಗಿರಬೇಕು.

∫ 1/(ಕ್ಷ − ಪಿ) ಡಿಕ್ಷ = ಲಾಗ್|ಕ್ಷ − ಪಿ| + ಕೆ
∫ 1/(ಕ್ಷ − ಪಿ)² ಡಿಕ್ಷ = −1/(ಕ್ಷ − ಪಿ) + ಕೆ
∫ 2ಕ್ಷ/(ಕ್ಷ² + ಪಿ²) ಡಿಕ್ಷ = ಲಾಗ್(ಕ್ಷ² + ಪಿ²) + ಕೆ
∫ 1/(ಕ್ಷ² + ಪಿ²) ಡಿಕ್ಷ = (1/ಪಿ) ಟ್ಯಾನ್⁻¹(ಕ್ಷ/ಪಿ) + ಕೆ

ಪಿಯುಸಿ ಮಟ್ಟದಲ್ಲಿ ಬರುವ ಇಂಥ ಲೆಕ್ಕಗಳಲ್ಲಿ ಹೆಚ್ಚಿನವು ಕೊನೆಗೆ ಈ ನಾಲ್ಕರಲ್ಲಿಯೇ ಬಂದು ನಿಲ್ಲುತ್ತವೆ.

ಹಂತ 1: ಈ ವಿಧಾನ ಬೇಕೇ ಎಂದು ನೋಡಿ

ಅಂಶದಲ್ಲಿರುವುದು ಛೇದದ ಅವಕಲನವೇ ಆಗಿದ್ದರೆ ಆಂಶಿಕ ಭಿನ್ನರಾಶಿಯ ಗೊಡವೆ ಬೇಡ. (2ಕ್ಷ + 3)/(ಕ್ಷ² + 3ಕ್ಷ + 2) ಎಂಬುದನ್ನು ನೋಡಿ. ಛೇದವನ್ನು ಅವಕಲಿಸಿದರೆ ಅಂಶವೇ ಸಿಗುತ್ತದೆ. ಉತ್ತರ ನೇರವಾಗಿ ಲಾಗ್|ಕ್ಷ² + 3ಕ್ಷ + 2| + ಕೆ. ಇದನ್ನು ಬಿಡಿಸಿ ಎರಡು ಭಿನ್ನರಾಶಿ ಮಾಡಿದರೂ ಉತ್ತರ ಸರಿಯಾಗಿಯೇ ಬರುತ್ತದೆ, ಆದರೆ ಒಂದು ಸಾಲಿನ ಕೆಲಸಕ್ಕೆ ಅರ್ಧ ಪುಟ ಹೋಗುತ್ತದೆ. 60 ಪ್ರಶ್ನೆಗೆ 80 ನಿಮಿಷ ಸಿಗುವ ಸಿಇಟಿ ಗಣಿತ ಪತ್ರಿಕೆಯಲ್ಲಿ ಆ ಅರ್ಧ ಪುಟದ ಬೆಲೆ ದೊಡ್ಡದು.

ಹಂತ 2: ಅಂಶ ಮತ್ತು ಛೇದಗಳ ಘಾತವನ್ನು ಹೋಲಿಸಿ

ಅಂಶದ ಗರಿಷ್ಠ ಘಾತವು ಛೇದದ ಗರಿಷ್ಠ ಘಾತಕ್ಕಿಂತ ಕಡಿಮೆ ಇದ್ದರೆ ಮಾತ್ರ ಭಿನ್ನರಾಶಿಯನ್ನು ನೇರವಾಗಿ ಬಿಡಿಸಬಹುದು. ಸಮವಾಗಿದ್ದರೂ ಸರಿ, ಹೆಚ್ಚಾಗಿದ್ದರೂ ಸರಿ, ಮೊದಲು ಭಾಗಿಸಬೇಕು. ಹೆಚ್ಚಾಗಿದ್ದಾಗ ಹೆಚ್ಚಿನವರು ಗಮನಿಸುತ್ತಾರೆ, ಸಮವಾಗಿದ್ದಾಗ ಎಡವುತ್ತಾರೆ.

ಹೋದ ವರ್ಷ ಒಬ್ಬ ವಿದ್ಯಾರ್ಥಿನಿಯ ನೋಟ್‌ಬುಕ್ಕಿನಲ್ಲಿ ಕಂಡ ಲೆಕ್ಕವನ್ನು ಇಲ್ಲಿ ಪೂರ್ತಿಯಾಗಿ ಕೊಡುತ್ತೇನೆ, ಏಕೆಂದರೆ ಈ ತಪ್ಪು ತಾನು ತಪ್ಪು ಎಂದು ತೋರಿಸಿಕೊಳ್ಳುವುದಿಲ್ಲ. ಪ್ರಶ್ನೆ (ಕ್ಷ² + 1)/[(ಕ್ಷ − 1)(ಕ್ಷ − 2)] ಎಂಬುದರ ಅನುಕಲನ. ಅವಳು ಇದನ್ನು ಎ/(ಕ್ಷ − 1) + ಬಿ/(ಕ್ಷ − 2) ಎಂದು ಬರೆದುಕೊಂಡು, ಛೇದವನ್ನು ಅತ್ತ ಸಾಗಿಸಿ, ಕ್ಷ = 1 ಹಾಕಿದಾಗ ಎ = −2, ಕ್ಷ = 2 ಹಾಕಿದಾಗ ಬಿ = 5 ಎಂದು ಪಡೆದಿದ್ದಳು. ಸಂಖ್ಯೆಗಳು ಅಚ್ಚುಕಟ್ಟಾಗಿ ಬಂದವು, ಅನುಮಾನಕ್ಕೆ ಎಡೆಯೇ ಇರಲಿಲ್ಲ. ಉತ್ತರ: −2 ಲಾಗ್|ಕ್ಷ − 1| + 5 ಲಾಗ್|ಕ್ಷ − 2| + ಕೆ.

ಈಗ ಕ್ಷ = 0 ಹಾಕಿ ತಾಳೆ ನೋಡೋಣ. ಮೂಲ ಭಿನ್ನರಾಶಿಯ ಬೆಲೆ 1/2. ಅವಳು ಬಿಡಿಸಿ ಬರೆದದ್ದರ ಬೆಲೆ (−2)/(−1) + 5/(−2), ಅಂದರೆ −1/2. ಕ್ಷ = 3 ಹಾಕಿದರೆ ಮೂಲದಲ್ಲಿ 5, ಬಿಡಿಸಿದ್ದರಲ್ಲಿ 4. ಎರಡೂ ಕಡೆ ಸರಿಯಾಗಿ 1ರಷ್ಟು ಕೊರತೆ. ಘಾತ ಸಮವಾಗಿದ್ದುದರಿಂದ ಮೊದಲು ಭಾಗಿಸಬೇಕಿತ್ತು:

(ಕ್ಷ² + 1)/[(ಕ್ಷ − 1)(ಕ್ಷ − 2)] = 1 + (3ಕ್ಷ − 1)/[(ಕ್ಷ − 1)(ಕ್ಷ − 2)]

ಉಳಿದ ಭಿನ್ನರಾಶಿಯನ್ನು ಬಿಡಿಸಿದರೆ ಬರುವುದೂ −2 ಮತ್ತು 5 ಎಂಬ ಅದೇ ಸ್ಥಿರಾಂಕಗಳೇ. ಅವಳು ಕಂಡುಹಿಡಿದ ಎರಡೂ ಸಂಖ್ಯೆ ಸರಿ, ಕಳೆದುಹೋದದ್ದು ಭಾಗಲಬ್ಧವಾದ ಆ 1 ಮಾತ್ರ. ಅದರಿಂದಾಗಿ ಉತ್ತರದಲ್ಲಿ ಇರಬೇಕಾದ ‘ಕ್ಷ’ ಎಂಬ ಪದವೇ ಇಲ್ಲವಾಯಿತು. ಬೇರನ್ನು ಹಾಕಿ ಸ್ಥಿರಾಂಕ ಕಂಡುಹಿಡಿಯುವ ವಿಧಾನವು ಘಾತದ ತಪ್ಪನ್ನು ಎಂದಿಗೂ ಹಿಡಿದುಕೊಡುವುದಿಲ್ಲ ಎಂಬುದನ್ನು ಗಟ್ಟಿಯಾಗಿ ನೆನಪಿನಲ್ಲಿಡಿ.

ಘಾತ ಹೆಚ್ಚಿರುವ ಒಂದು ಉದಾಹರಣೆ: (ಕ್ಷ³ + 2)/(ಕ್ಷ² − ಕ್ಷ − 2). ಭಾಗಿಸಿದಾಗ ಭಾಗಲಬ್ಧ ಕ್ಷ + 1, ಶೇಷ 3ಕ್ಷ + 4. ಭಾಗಿಸುವಾಗ ಅಂಶವನ್ನು ಕ್ಷ³ + 0ಕ್ಷ² + 0ಕ್ಷ + 2 ಎಂದು ಸೊನ್ನೆಗಳ ಸಮೇತ ಬರೆದುಕೊಳ್ಳಿ. ಇಲ್ಲದಿದ್ದರೆ ಬೇರೆ ಬೇರೆ ಘಾತದ ಪದಗಳು ಒಂದರ ಕೆಳಗೆ ಇನ್ನೊಂದು ಬಂದು ಕೂಡುತ್ತವೆ. ಶೇಷದ ಭಾಗವನ್ನು ಬಿಡಿಸಿದ ಮೇಲೆ ಉತ್ತರ ಹೀಗಿರುತ್ತದೆ: ಕ್ಷ²/2 + ಕ್ಷ + (10/3) ಲಾಗ್|ಕ್ಷ − 2| − (1/3) ಲಾಗ್|ಕ್ಷ + 1| + ಕೆ.

ಹಂತ 3: ಛೇದವನ್ನು ಪೂರ್ತಿಯಾಗಿ ಅಪವರ್ತಿಸಿ

ನಮ್ಮ ಕಡೆ ಕಬ್ಬಿನ ಬಿತ್ತನೆ ತುಂಡು ಕಡಿಯುವವರು ಕಣ್ಣು ಎಲ್ಲಿದೆ ಎಂದು ನೋಡದೆ ಕತ್ತಿ ಹಾಕುವುದಿಲ್ಲ. ಛೇದದ ಅಪವರ್ತನಗಳೂ ಹಾಗೆಯೇ: ಭಿನ್ನರಾಶಿ ಎಲ್ಲಿ ತುಂಡಾಗಬೇಕೆಂಬುದನ್ನು ಅವೇ ಹೇಳುತ್ತವೆ, ನಮ್ಮ ಇಷ್ಟ ಅಲ್ಲಿ ನಡೆಯುವುದಿಲ್ಲ.

ಘಾತ ಮೂರು ಅಥವಾ ಹೆಚ್ಚಾಗಿದ್ದು ಛೇದದ ಸಹಗುಣಕಗಳು ಪೂರ್ಣಾಂಕಗಳಾಗಿದ್ದರೆ, ಸ್ಥಿರಪದವನ್ನು ಭಾಗಿಸುವ ಸಂಖ್ಯೆಗಳನ್ನು, ಧನ ಮತ್ತು ಋಣ ಎರಡೂ ಚಿಹ್ನೆಗಳೊಂದಿಗೆ, ಒಂದೊಂದಾಗಿ ಹಾಕಿ ನೋಡಿ. ಸೊನ್ನೆ ಬಂದರೆ ಒಂದು ಅಪವರ್ತನ ಸಿಕ್ಕಿತು. ಅದರಿಂದ ಭಾಗಿಸಿ ಉಳಿದದ್ದನ್ನು ಮತ್ತೆ ಅಪವರ್ತಿಸಿ. ವರ್ಗ ರೂಪ ಉಳಿದಾಗ ಶೋಧಕವನ್ನು ನೋಡುವುದು ಕಡ್ಡಾಯ. ಶೋಧಕ ಋಣವಾಗಿದ್ದರೆ ಮಾತ್ರ ಆ ವರ್ಗವನ್ನು ಹಾಗೆಯೇ ಬಿಡಬೇಕು. ಶೋಧಕ ಸೊನ್ನೆಯಾಗಿದ್ದರೆ ಅದು ಪುನರಾವರ್ತಿತ ಅಪವರ್ತನ, ಧನವಾಗಿದ್ದರೆ ಎರಡು ಬೇರೆ ಬೇರೆ ಅಪವರ್ತನಗಳು.

ಕ್ಷ² − 5 ಎಂಬುದನ್ನು ‘ಬಿಡಿಸಲಾಗದು’ ಎಂದು ಅನೇಕರು ಬಿಟ್ಟುಬಿಡುತ್ತಾರೆ. ಅದರ ಶೋಧಕ 20, ಧನ. (ಕ್ಷ − √5)(ಕ್ಷ + √5) ಎಂದು ಒಡೆಯುತ್ತದೆ. ಕ್ಷ⁴ − 1 ಎಂಬುದನ್ನು (ಕ್ಷ² − 1)(ಕ್ಷ² + 1) ಎಂದು ಬರೆದು ಅಲ್ಲಿಗೇ ನಿಲ್ಲುವುದು ಇನ್ನೊಂದು ಸಾಮಾನ್ಯ ತಪ್ಪು. ಅದು (ಕ್ಷ − 1)(ಕ್ಷ + 1)(ಕ್ಷ² + 1) ಆಗಬೇಕು. ಕ್ಷ⁴ + 4 ಎಂಬುದಕ್ಕೆ ನೈಜ ಬೇರುಗಳೇ ಇಲ್ಲದಿದ್ದರೂ (ಕ್ಷ² + 2ಕ್ಷ + 2)(ಕ್ಷ² − 2ಕ್ಷ + 2) ಎಂದು ಎರಡು ವರ್ಗಗಳಾಗಿ ಒಡೆಯುತ್ತದೆ ಎಂಬುದು ಆಶ್ಚರ್ಯವೆನಿಸಿದರೂ ನಿಜ. ಗುಣಿಸಿ ನೋಡಿ, ನಡುವಿನ ಪದಗಳೆಲ್ಲ ಹೊಡೆದುಹೋಗುತ್ತವೆ.

ಅಂಶಕ್ಕೂ ಛೇದಕ್ಕೂ ಸಾಮಾನ್ಯ ಅಪವರ್ತನ ಇದ್ದರೆ ಈ ಹಂತದಲ್ಲಿಯೇ ಹೊಡೆದುಹಾಕಿ.

ಹಂತ 4: ಸರಿಯಾದ ರೂಪವನ್ನು ಬರೆಯಿರಿ

ಅತಿ ಹೆಚ್ಚು ಅಂಕ ಹೋಗುವ ಜಾಗ ಇದು. ನಿಯಮಗಳು ಮೂರೇ.

ಛೇದದಲ್ಲಿ (ಕ್ಷ − ಪಿ) ಒಂದೇ ಸಲ ಇದ್ದರೆ, ಅದಕ್ಕೆ ಎ/(ಕ್ಷ − ಪಿ) ಎಂಬ ಒಂದು ಪದ.

(ಕ್ಷ − ಪಿ)² ಇದ್ದರೆ ಎ/(ಕ್ಷ − ಪಿ) + ಬಿ/(ಕ್ಷ − ಪಿ)² ಎಂಬ ಎರಡು ಪದಗಳು, ಘನವಿದ್ದರೆ ಮೂರು. ಮೇಲಿನ ಘಾತವನ್ನು ಮಾತ್ರ ಬರೆದು ಕೆಳಗಿನ ಘಾತವನ್ನು ಬಿಡಬಾರದು. ಕೆಳಗಿನದನ್ನು ಮಾತ್ರ ಎರಡು ಸಲ ಬರೆದರೂ ಆಗದು, ಏಕೆಂದರೆ ಅವೆರಡೂ ಸೇರಿ ಒಂದೇ ಪದವಾಗಿಬಿಡುತ್ತವೆ.

ಒಡೆಯದ ವರ್ಗ ಇದ್ದರೆ ಅದರ ಮೇಲೆ ಬಿಕ್ಷ + ಸಿ ಎಂಬ ರೇಖೀಯ ರೂಪ ಬರಬೇಕು. ಬರೀ ಬಿ ಸಾಲದು.

ರೂಪ ಸರಿಯಿದೆಯೇ ಎಂದು ತಿಳಿಯಲು ನಾನು ವಿದ್ಯಾರ್ಥಿಗಳಿಂದ ಪ್ರತಿ ಸಲವೂ ಮಾಡಿಸುವ ಒಂದು ಎಣಿಕೆ ಇದೆ: ಗೊತ್ತಿಲ್ಲದ ಸ್ಥಿರಾಂಕಗಳ ಸಂಖ್ಯೆಯು ಛೇದದ ಘಾತಕ್ಕೆ ಸಮವಾಗಿರಬೇಕು. (ಕ್ಷ − 1)²(ಕ್ಷ + 2) ಛೇದವಾಗಿದ್ದರೆ ಘಾತ 3, ಸ್ಥಿರಾಂಕಗಳೂ ಮೂರು. (ಕ್ಷ + 1)(ಕ್ಷ² + 4) ಛೇದವಾಗಿದ್ದರೂ ಮೂರು. ಎಣಿಸಲು ಎರಡು ಸೆಕೆಂಡು ಸಾಕು. ಒಂದು ಕಡಿಮೆಯಾದರೆ ಮುಂದಿನ ಸಾಲು ಬರೆಯದೆ ಅಲ್ಲೇ ನಿಲ್ಲಿ.

ಹಂತ 5: ಸ್ಥಿರಾಂಕಗಳನ್ನು ಕಂಡುಹಿಡಿಯಿರಿ

(ಕ್ಷ² + 7ಕ್ಷ + 1)/[(ಕ್ಷ − 1)²(ಕ್ಷ + 2)] ಎಂಬುದನ್ನು ತೆಗೆದುಕೊಳ್ಳೋಣ. ರೂಪ ಎ/(ಕ್ಷ − 1) + ಬಿ/(ಕ್ಷ − 1)² + ಸಿ/(ಕ್ಷ + 2). ಎರಡೂ ಬದಿಯನ್ನು ಮೂಲ ಛೇದದಿಂದ ಗುಣಿಸಿದರೆ:

ಕ್ಷ² + 7ಕ್ಷ + 1 = ಎ(ಕ್ಷ − 1)(ಕ್ಷ + 2) + ಬಿ(ಕ್ಷ + 2) + ಸಿ(ಕ್ಷ − 1)²

ಇಲ್ಲಿ ಮೂರೂ ಛೇದಗಳನ್ನು ಒಟ್ಟಿಗೆ ಗುಣಿಸಿ (ಕ್ಷ − 1)³(ಕ್ಷ + 2) ಮಾಡಿಕೊಳ್ಳುವವರಿದ್ದಾರೆ. ಬೇಕಾದದ್ದು ಛೇದಗಳ ಲಸಾಅ, ಗುಣಲಬ್ಧವಲ್ಲ; ಆ ಲಸಾಅ ಮೂಲ ಛೇದವೇ.

ಈಗ ಮೊದಲು ಬೇರುಗಳನ್ನು ಹಾಕಿ. ಕ್ಷ = 1 ಆದಾಗ 9 = 3ಬಿ, ಆದ್ದರಿಂದ ಬಿ = 3. ಕ್ಷ = −2 ಆದಾಗ 4 − 14 + 1 = −9, ಬಲಗಡೆ 9ಸಿ, ಆದ್ದರಿಂದ ಸಿ = −1. ಬೇರುಗಳು ಮುಗಿದವು, ಎ ಉಳಿಯಿತು. ಇಲ್ಲಿ ಹಲವರು ಪೂರ್ತಿ ವಿಸ್ತರಿಸಿ ಮೂರು ಸಮೀಕರಣ ಬರೆಯತೊಡಗುತ್ತಾರೆ, ಅಷ್ಟು ಬೇಕಿಲ್ಲ. ಕ್ಷ² ಪದದ ಸಹಗುಣಕಗಳನ್ನು ಮಾತ್ರ ಹೋಲಿಸಿ: 1 = ಎ + ಸಿ, ಆದ್ದರಿಂದ ಎ = 2. ಅನುಕಲಿಸಿದರೆ 2 ಲಾಗ್|ಕ್ಷ − 1| − 3/(ಕ್ಷ − 1) − ಲಾಗ್|ಕ್ಷ + 2| + ಕೆ.

ವರ್ಗ ಅಪವರ್ತನ ಇರುವಾಗಲೂ ಕ್ರಮ ಅದೇ. (3ಕ್ಷ² + 5ಕ್ಷ + 7)/[(ಕ್ಷ + 1)(ಕ್ಷ² + 4)] ಎಂಬಲ್ಲಿ

3ಕ್ಷ² + 5ಕ್ಷ + 7 = ಎ(ಕ್ಷ² + 4) + (ಬಿಕ್ಷ + ಸಿ)(ಕ್ಷ + 1)

ಕ್ಷ = −1 ಹಾಕಿದರೆ 5 = 5ಎ, ಎ = 1. ಕ್ಷ² ಸಹಗುಣಕದಿಂದ 3 = ಎ + ಬಿ, ಬಿ = 2. ಸ್ಥಿರಪದದಿಂದ 7 = 4ಎ + ಸಿ, ಸಿ = 3. ಬಳಸದೆ ಉಳಿದ ಕ್ಷ ಸಹಗುಣಕ ಈಗ ತಾಳೆ ನೋಡಲು ಒದಗುತ್ತದೆ: ಬಿ + ಸಿ = 5, ಸರಿಯಿದೆ. (ಬಿಕ್ಷ + ಸಿ) ಸುತ್ತ ಆವರಣ ಹಾಕದೆ ಬಿಕ್ಷ + ಸಿ(ಕ್ಷ + 1) ಎಂದು ಬರೆದು ಲೆಕ್ಕ ಕೆಡಿಸಿಕೊಳ್ಳುವುದು ಈ ಬಗೆಯಲ್ಲಿ ಪದೇಪದೇ ಕಾಣುವ ತಪ್ಪು.

ಅಂಶ, ಛೇದ ಎರಡರಲ್ಲೂ ಕ್ಷ² ಮಾತ್ರ ಇದ್ದರೆ ಒಂದು ಸುಲಭ ದಾರಿ ಇದೆ. ಕ್ಷ²/[(ಕ್ಷ² + 1)(ಕ್ಷ² + 4)] ಎಂಬಲ್ಲಿ ಕ್ಷ²ನ ಜಾಗದಲ್ಲಿ ‘ಟಿ’ ಇಟ್ಟು ಬಿಡಿಸಿದರೆ −(1/3)/(ಟಿ + 1) + (4/3)/(ಟಿ + 4) ಸಿಗುತ್ತದೆ. ಆದರೆ ಟಿ ಇಲ್ಲಿ ಬಿಡಿಸುವುದಕ್ಕಷ್ಟೇ ಬಂದದ್ದು, ಆದೇಶ ವಿಧಾನದ ಟಿ ಅಲ್ಲ. ಅನುಕಲನಕ್ಕೆ ಮೊದಲು ಕ್ಷ²ಗೆ ಹಿಂತಿರುಗಲೇಬೇಕು. ಟಿಯಲ್ಲಿಯೇ ಅನುಕಲಿಸಿ ಲಾಗ್ ಬರೆದರೆ ಪೂರ್ತಿ ತಪ್ಪು. ಸರಿಯಾದ ಉತ್ತರ −(1/3) ಟ್ಯಾನ್⁻¹ಕ್ಷ + (2/3) ಟ್ಯಾನ್⁻¹(ಕ್ಷ/2) + ಕೆ.

ಹಂತ 6: ಅನುಕಲನಕ್ಕೆ ಮೊದಲು ತಾಳೆ ನೋಡಿ

ಛೇದವನ್ನು ಸೊನ್ನೆ ಮಾಡದ, ಸ್ಥಿರಾಂಕ ಕಂಡುಹಿಡಿಯಲು ಬಳಸದ ಒಂದು ಸಂಖ್ಯೆಯನ್ನು ಎರಡೂ ಬದಿಗೆ ಹಾಕಿ. ಸಾಮಾನ್ಯವಾಗಿ ಸೊನ್ನೆಯೇ ಸಾಕು. ಮೇಲಿನ ಪುನರಾವರ್ತಿತ ಲೆಕ್ಕದಲ್ಲಿ ಕ್ಷ = 0 ಆದಾಗ ಎಡಗಡೆ 1/2; ಬಲಗಡೆ −2 + 3 − 1/2, ಅದೂ 1/2. ಈ ತಾಳೆಯನ್ನು ರಫ್ ಪುಟದಲ್ಲಿ ಮಾಡಿದರೆ ಸಾಕು.

ಉತ್ತರ ಬಂದ ಮೇಲೆ ತಾಳೆ ನೋಡಿದರಾಯಿತು ಎನ್ನುವುದನ್ನು ನಾನು ಒಪ್ಪುವುದಿಲ್ಲ. ಅಲ್ಲಿ ಅವಕಲಿಸಿ, ಲಸಾಅ ತೆಗೆದು, ಮತ್ತೆ ಕೂಡಿಸಬೇಕು. ಪರೀಕ್ಷೆಯ ಹೊತ್ತಿನಲ್ಲಿ ಅದನ್ನು ಮಾಡಲು ಸಮಯವೂ ಇರುವುದಿಲ್ಲ, ತಾಳ್ಮೆಯೂ ಇರುವುದಿಲ್ಲ.

ಹಂತ 7: ಪದ ಪದವಾಗಿ ಅನುಕಲಿಸಿ

ಕ್ಷ ಮುಂದೆ ಸಹಗುಣಕ ಇದ್ದರೆ ಅದರಿಂದ ಭಾಗಿಸಬೇಕು. 1/(2ಕ್ಷ − 1) ಎಂಬುದರ ಅನುಕಲನ (1/2) ಲಾಗ್|2ಕ್ಷ − 1|. 1/(3 − ಕ್ಷ) ಎಂಬುದರ ಅನುಕಲನ −ಲಾಗ್|3 − ಕ್ಷ|. ಈ ಋಣ ಚಿಹ್ನೆಯನ್ನು ಮರೆಯುವವರು ಬಹಳ. ಹಾಗಾಗಿ ಛೇದದಲ್ಲಿ 3 − ಕ್ಷ ಕಂಡರೆ ಆರಂಭದಲ್ಲಿಯೇ −(ಕ್ಷ − 3) ಎಂದು ಬದಲಿಸಿಕೊಳ್ಳುವುದು ಒಳ್ಳೆಯದು.

1/(ಕ್ಷ − 1)² ಎಂಬುದಕ್ಕೆ ಲಾಗ್ ಬರುವುದಿಲ್ಲ. ಛೇದ ಕಂಡಲ್ಲೆಲ್ಲ ಲಾಗ್ ಬರೆಯುವ ಅಭ್ಯಾಸವಾಗಿಬಿಟ್ಟವರು ಇಲ್ಲಿ ಪೆನ್ನನ್ನು ಒಂದು ಕ್ಷಣ ತಡೆದು ಹಿಡಿಯಬೇಕು.

ಒಡೆಯದ ವರ್ಗದ ಮೇಲೆ ರೇಖೀಯ ಅಂಶ ಇದ್ದಾಗ ಅಂಶವನ್ನು ಎರಡು ಪಾಲು ಮಾಡಿ: ಒಂದು ಪಾಲು ಛೇದದ ಅವಕಲನದ ಗುಣಕವಾಗಿರಲಿ, ಇನ್ನೊಂದು ಬರೀ ಸಂಖ್ಯೆಯಾಗಿರಲಿ. (ಕ್ಷ + 5)/(ಕ್ಷ² + 2ಕ್ಷ + 5) ಎಂಬಲ್ಲಿ ಛೇದದ ಅವಕಲನ 2ಕ್ಷ + 2. ಆದ್ದರಿಂದ ಕ್ಷ + 5 = (1/2)(2ಕ್ಷ + 2) + 4. ಮೊದಲ ಪಾಲಿನಿಂದ (1/2) ಲಾಗ್(ಕ್ಷ² + 2ಕ್ಷ + 5) ಬರುತ್ತದೆ. ಎರಡನೆಯ ಪಾಲಿಗೆ ಛೇದದ ವರ್ಗ ಪೂರ್ಣಗೊಳಿಸಿ (ಕ್ಷ + 1)² + 2² ಎಂದು ಬರೆದರೆ 4 × (1/2) ಟ್ಯಾನ್⁻¹[(ಕ್ಷ + 1)/2], ಅಂದರೆ 2 ಟ್ಯಾನ್⁻¹[(ಕ್ಷ + 1)/2] ಸಿಗುತ್ತದೆ. ಹಂತ 5ರ ಎರಡನೆಯ ಲೆಕ್ಕವನ್ನೂ ಹೀಗೆಯೇ ಮುಗಿಸಿದರೆ ಉತ್ತರ ಲಾಗ್|ಕ್ಷ + 1| + ಲಾಗ್(ಕ್ಷ² + 4) + (3/2) ಟ್ಯಾನ್⁻¹(ಕ್ಷ/2) + ಕೆ.

ಎಚ್ಚರಿಕೆಯ ಸೂಚನೆಗಳು

ಒಂದೇ ಸ್ಥಿರಾಂಕಕ್ಕೆ ಎರಡು ದಾರಿಯಲ್ಲಿ ಎರಡು ಬೆಲೆ ಬಂದರೆ ಕೂಡಿಕಳೆಯುವುದನ್ನು ಪರಿಶೀಲಿಸುವ ಮೊದಲು ರೂಪವನ್ನು ಪರಿಶೀಲಿಸಿ; ಬಹುತೇಕ ಸಂದರ್ಭಗಳಲ್ಲಿ ಒಂದು ಪದ ಬಿಟ್ಟುಹೋಗಿರುತ್ತದೆ, ಇಲ್ಲವೇ ಭಾಗಾಕಾರ ಆಗಿರುವುದಿಲ್ಲ. ವರ್ಗವೊಂದರ ಅನುಕಲನ ಮಾಡುವಾಗ ಟ್ಯಾನ್⁻¹ ಒಳಗೆ ಋಣ ಸಂಖ್ಯೆಯ ವರ್ಗಮೂಲ ಬಂದರೆ, ಆ ವರ್ಗ ಒಡೆಯುವಂಥದ್ದು ಎಂದರ್ಥ. ಹಂತ 3ಕ್ಕೆ ಹಿಂತಿರುಗಿ. ನಿಮ್ಮ ಉತ್ತರ ಪುಸ್ತಕದ ಉತ್ತರದಂತೆ ಕಾಣದಿದ್ದರೆ ತಕ್ಷಣ ಗಾಬರಿಯಾಗಬೇಡಿ. ಲಾಗ್‌ಗಳನ್ನು ಕೂಡಿಸಿ ಒಂದೇ ಲಾಗ್ ಮಾಡಿರಬಹುದು, ಅಥವಾ ವ್ಯತ್ಯಾಸ ಒಂದು ಸ್ಥಿರಾಂಕವಷ್ಟೇ ಇರಬಹುದು.

ನಿಶ್ಚಿತ ಅನುಕಲನದಲ್ಲಿ ಇನ್ನೊಂದು ಎಚ್ಚರ ಬೇಕು. ಕೆಳಮಿತಿ ಮತ್ತು ಮೇಲ್ಮಿತಿಗಳ ನಡುವೆ ಛೇದದ ಬೇರು ಬಿದ್ದಿದೆಯೇ ಎಂದು ಮೊದಲು ನೋಡಿ. 1/(ಕ್ಷ² − 4) ಎಂಬುದನ್ನು 0ಯಿಂದ 3ರವರೆಗೆ ಅನುಕಲಿಸಲು ಹೊರಟರೆ, (1/4) ಲಾಗ್|(ಕ್ಷ − 2)/(ಕ್ಷ + 2)| ಎಂಬುದಕ್ಕೆ ಮಿತಿಗಳನ್ನು ಹಾಕಿದಾಗ (1/4) ಲಾಗ್(1/5) ಎಂಬ ಸಂಖ್ಯೆಯೇನೋ ಬರುತ್ತದೆ. ಆದರೆ ಕ್ಷ = 2ರಲ್ಲಿ ಫಲನವೇ ಅನಂತಕ್ಕೆ ಹೋಗುವುದರಿಂದ ಆ ಸಂಖ್ಯೆಗೆ ಅರ್ಥವಿಲ್ಲ; ಮಾಪಾಂಕದ ಗೆರೆಗಳು ಆ ದೋಷವನ್ನು ಮರೆಮಾಡಿರುತ್ತವೆ. 0ಯಿಂದ 1ರವರೆಗೆ ಆದರೆ ಅದೇ ಸೂತ್ರದಿಂದ ಬರುವ (1/4) ಲಾಗ್(1/3) ಸರಿಯಾದ ಉತ್ತರ. ಅದು ಋಣ ಸಂಖ್ಯೆ ಎಂದು ತಿದ್ದಲು ಹೋಗಬೇಡಿ: 0 ಮತ್ತು 1ರ ನಡುವೆ ಕ್ಷ² − 4 ಎಲ್ಲೆಡೆಯೂ ಋಣವಾಗಿಯೇ ಇರುತ್ತದೆ.